ಅರ್ಧ ಮುದ್ದೆ

ಅವರ ಎರಡು ಕೈಗಳು ಇಬ್ಬರು ಬೇರೆ ಬೇರೆ ಮನುಷ್ಯರ ಕೈಗಳ ಹಾಗಿದ್ದವು. ರುಬ್ಬುಗುಂಡು ತಿರುಗಿಸುವ ಬಲಗೈ ಕಪ್ಪಗೆ, ಚಪ್ಪಲಿಯ ಅಟ್ಟೆಯಷ್ಟು ಗಡುಸು. ಒರಳಿಗೆ ಹಿಟ್ಟು ತಳ್ಳುವ ಎಡಗೈ ದಿನವೆಲ್ಲ ನೆನೆದು, ಬೆಳ್ಳಗಾಗಿ, ಸುಕ್ಕುಗಟ್ಟಿತ್ತು. ಅಂಥ ಮನುಷ್ಯ ಹದಿನೈದು ದಿನ ತಮ್ಮ ಊಟದಲ್ಲಿ ನನಗೊಂದು ಪಾಲು ಕೊಟ್ಟರು. ನಾನು ಅದನ್ನು ನಾಯಿಗೆ ಹಾಕಿದೆ. ಮೊದಲೇ ಹೇಳಿಬಿಟ್ಟೆ. ಆಮೇಲೆ ತಿಳಿದು ಬೈಯುವುದಕ್ಕಿಂತ ಈಗಲೇ ಬೈದುಕೊಂಡು ಮುಂದೆ ಓದಿ.

ಲಷ್ಕರ್ ಮೊಹಲ್ಲಾದ ಒಂದು ಹೋಟೆಲಿನ ಹಿತ್ತಲ ಕೋಣೆಯಲ್ಲಿ ಎರಡು ಒರಳುಕಲ್ಲುಗಳಿದ್ದವು. ಒಂದು ಅವರದು. ಎಲ್ಲರೂ ಅವರನ್ನು ‘ರುಬ್ಬೋ ತಾತ’ ಅನ್ನುತ್ತಿದ್ದರು. ದಿನಾ ಊರಾಚೆಯ ಹಿನಕಲ್ಲಿನಿಂದ ನಡೆದು ಬರುತ್ತಿದ್ದರು. ಇನ್ನೊಂದು ಒರಳು ನನ್ನ ಪಾಲಿಗೆ ಬಂತು. ಟೈಲರ್ ಆಗಿದ್ದ ಅಪ್ಪನಿಗೆ ಕಣ್ಣು ಮಂಜಾಗಿ ಹೊಲಿಗೆ ನಿಂತಿತ್ತು. ಮನೆಯಲ್ಲಿ ದುಡಿಯಬಲ್ಲವನು ಎಂದರೆ ನಾನೊಬ್ಬನೇ. ಅಲ್ಲಿಯವರೆಗೆ ನಾನು ಎತ್ತಿದ್ದ ಅತಿ ಭಾರದ ವಸ್ತು ಕತ್ತರಿ. ಆದರೂ ಹಿಗ್ಗಿನಿಂದಲೇ ಸೇರಿದೆ. ಹೋಟೆಲಿನ ಆಳುಗಳಿಗೆ ಹೊಟ್ಟೆ ತುಂಬ ತಿಂಡಿ ಬಿಟ್ಟಿ ಎಂದು ಯಾರೋ ಹೇಳಿದ್ದರು.

ಮಧ್ಯಾಹ್ನ ನಾಲ್ಕು ದೋಸೆ, ಎರಡು ಲೋಟ ಕಾಫಿ ಹೊಡೆದು ಒರಳ ಮುಂದೆ ಕೂರುತ್ತಿದ್ದೆ. ಮೂರು ಗಂಟೆಗೆ ತೇಗು, ನಾಲ್ಕಕ್ಕೆ ತೂಕಡಿಕೆ, ಐದಕ್ಕೆ ಕೈನಡುಕ. ಮನೆಗೆ ಹೋದರೆ ಅನ್ನ ಕಲಸಲೂ ಬೆರಳು ಮಡಚುತ್ತಿರಲಿಲ್ಲ. ಅಮ್ಮ ತುತ್ತು ಮಾಡಿ ಬಾಯಿಗಿಡುತ್ತಿದ್ದಳು, ಮೀಸೆ ಬಂದ ಮಗುವಿಗೆ. ಮಣೆಯಿಂದ ನಾನು ಸೊಂಟ ಹಿಡಿದು ಮೂರು ಕಂತಿನಲ್ಲಿ ಏಳುವುದನ್ನು ನಾನೇ ಸಪ್ಲೈಯರುಗಳಿಗೆ ಆಡಿ ತೋರಿಸುತ್ತಿದ್ದೆ. ಯಜಮಾನರ ಕೆಮ್ಮು, ತಾತ ಗುಂಡಿನ ಜೊತೆ ಬಿಡುವ ‘ಹೂಂ... ಹೂಂ’, ಯಾವುದನ್ನೂ ಬಿಟ್ಟವನಲ್ಲ. ಎಲ್ಲರೂ ನಗುತ್ತಿದ್ದರು. ಹಿಟ್ಟು ಮಾತ್ರ ನುಣ್ಣಗಾಗುತ್ತಿರಲಿಲ್ಲ. ನಾನು ಗೋಡೆಗೆ ಒರಗಿದಾಗ ತಾತ ತಮ್ಮ ಮಣೆ ಎಳೆದುಕೊಂಡು ಬಂದು ನನ್ನ ಒರಳನ್ನೂ ಮುಗಿಸುತ್ತಿದ್ದರು.

ಒಂದು ದಿನ ಕೇಳಿದರು: “ಲೋ, ಕೂರಕ್ಕೆ ಮುಂಚೆ ಏನ್ ತಿಂದೆ?”

“ದೋಸೆ, ತಾತ. ನಾಲ್ಕೇ.”

“ಎಣ್ಣೆ ತಿಂದು ಕಲ್ಲ ತಿರುಗ್ಸಕ್ಕಾಯ್ತದೇನ್ಲಾ? ಅದು ಕುರ್ಚಿ ಮ್ಯಾಲೆ ಕುಂತು ಪೇಪರ್ ಓದೋರ್ಗೆ ಮಾಡಿರೋದು.”

“ಕಾಫಿ ಕುಡಿದ್ರೆ ಚುರುಕಾಗ್ತೀನಿ.”

“ಕಾಫಿ ಸುಳ್ ಯೋಳ್ತದೆ ಕಣ್ಲಾ. ದಣಿವಿಲ್ಲ ಅಂತದೆ. ಮೈ ಅದನ್ನ ನಂಬ್ಬುಟ್ಟು ಆಮ್ಯಾಕೆ ಅಳ್ತದೆ.”

ತಾತ ತೀರಿಕೊಂಡು ಎರಡು ವರ್ಷವಾಯಿತು. ಈ ಮಾತನ್ನು ಅವರ ದನಿಯಲ್ಲೇ ಹೇಳಬಲ್ಲೆ. ಇದೊಂದನ್ನು ಮಾತ್ರ ಯಾರಿಗೂ ಆಡಿ ತೋರಿಸಿಲ್ಲ.

ಮಾರನೆಯ ದಿನದಿಂದ ಹನ್ನೊಂದು ಗಂಟೆಗೆ ಮುತ್ತುಗದ ಎಲೆಯಲ್ಲಿ ಅರ್ಧ ರಾಗಿಮುದ್ದೆ, ಒಂದಿಷ್ಟು ಸೊಪ್ಪಿನ ಸಾರು ನನ್ನ ಕೈಗೆ ಬರತೊಡಗಿತು. “ಎಂಡ್ರು ಜಾಸ್ತಿ ಕಟ್ಟವ್ಳೆ, ತಕ್ಕೋ. ಉಂಡು ಒಂದ್ ಗಳಿಗೆ ಸುಮ್ಕಿರು. ಆಮೇಲೆ ಕಲ್ಲು ಮುಟ್ಟು. ನಡುವೆ ಸುಸ್ತಾದ್ರೆ ಬೆಲ್ಲದ್ ಚೂರ್ ಬಾಯ್ಗಾಕ್ಕೊಂಡು ನೀರ್ ಕುಡಿ.”

ನಮ್ಮದು ಅನ್ನದ ಮನೆ. ರಾಗಿ ಹಳ್ಳಿಯವರ ಊಟ ಎಂಬ ಜಂಬ, ತಿನ್ನಲು ಅನ್ನಕ್ಕೇ ಗತಿಯಿಲ್ಲದ ದಿನಗಳಲ್ಲೂ ನಮ್ಮನ್ನು ಬಿಟ್ಟಿರಲಿಲ್ಲ. ಮೊದಲ ದಿನ ಮುದ್ದೆಯನ್ನು ಅಗಿದೆ, ಹಲ್ಲಿಗೆ ಮೆತ್ತಿಕೊಂಡಿತು. “ಅಗೀಬೇಡ್ವೋ, ನುಂಗು!” ಎಂದು ತಾತ ಬೆನ್ನಿಗೆ ಗುದ್ದಿದರು. ಎರಡನೆಯ ದಿನದಿಂದ “ಹಿತ್ತಲಲ್ಲಿ ಕೂತು ತಿಂತೀನಿ ತಾತ” ಎಂದು ಎಲೆ ಹಿಡಿದು ಹೊರಗೆ ಹೋಗಿ ಅಲ್ಲಿದ್ದ ಕಂದು ನಾಯಿಗೆ ಹಾಕಿ, ಬಾಯಿ ಒರೆಸಿಕೊಂಡು ಬಂದು, ಹಿಂದಿನಂತೆ ದೋಸೆ ತಿಂದೆ. ನಾಯಿ ದುಂಡಗಾಯಿತು. ನಾನು ಹಾಗೇ ನಡುಗುತ್ತಿದ್ದೆ.

ಹತ್ತು ದಿನ ಕಳೆಯುವಷ್ಟರಲ್ಲಿ ತಾತನ ‘ಹೂಂ’ ನಿಧಾನವಾಯಿತು. ಗುಂಡಿನ ಮೇಲೆ ಕೈಯಿಟ್ಟು ಸುಮ್ಮನೆ ಕೂರುತ್ತಿದ್ದರು. ಐದಕ್ಕೆ ಮುಗಿಯುತ್ತಿದ್ದ ಹಿಟ್ಟು ಏಳಾದರೂ ಮುಗಿಯದು. ವಯಸ್ಸು ಅಂದುಕೊಂಡೆ. ಆ ನಿಧಾನವನ್ನೂ ಆಡಿ ತೋರಿಸಿ ನಗಿಸಿದೆ.

ಹದಿನೈದನೆಯ ದಿನ ತಾತ ಬುತ್ತಿ ಮರೆತು ಬಂದಿದ್ದರು. ಅವರ ಹೆಂಡತಿಯೇ ಹಿನಕಲ್ಲಿನಿಂದ ಅದನ್ನು ಹೊತ್ತು ತಂದರು. ತಾತ ನೀರು ಸೇದಲು ಹೋಗಿದ್ದರು. ಆಕೆ ಗಂಟು ಬಿಚ್ಚಿ ನನ್ನ ಮುಂದಿಟ್ಟರು. ಒಳಗೆ ಒಂದೇ ಮುದ್ದೆ.

“ನನ್ನ ಪಾಲು ಮರೆತ್ರಾ ಅಜ್ಜಿ?” ಎಂದೆ, ಚೇಷ್ಟೆಗೆ.

“ನಿನ್ ಪಾಲಾ? ದಿನಾ ಒಂದೇ ಕಣಪ್ಪ ನಾನ್ ಕಟ್ಟೋದು. ಮನೇಲಿ ರಾಗಿ ಇರೋದೇ ಅಷ್ಟು.”

ಗಂಟನ್ನು ಮತ್ತೆ ಕಟ್ಟಿ ತಾತನ ಮಣೆಯ ಮೇಲಿಟ್ಟೆ. ಅಂದು ಎಲೆ ಕೈಗೆ ಬಂದಾಗ, “ಹೊಟ್ಟೆ ಕೆಟ್ಟಿದೆ ತಾತ, ನೀವೇ ತಿನ್ನಿ” ಎಂದೆ. ನಿಜ ಹೇಳಲು ಧೈರ್ಯ ಬರಲಿಲ್ಲ.

ಆದರೆ ಅದೇ ಸಂಜೆ ಯಜಮಾನರು ಹಿತ್ತಲ ಬಾಗಿಲಲ್ಲಿ ಬಂದು ನಿಂತರು. ಕೆಟ್ಟವರಲ್ಲ, ಅವರೂ ಬೆಳಗಿನಿಂದ ಓಡಾಡಿ ಬಸವಳಿದಿದ್ದರು. “ತಾತ, ಒಂದು ವಾರದಿಂದ ನೋಡ್ತಾ ಇದ್ದೀನಿ. ನಿಮ್ಮ ಕೈಲಿ ಆಗ್ತಿಲ್ಲ. ನಾಳೆಯಿಂದ ಮನೇಲಿ ಆರಾಮಾಗಿರಿ. ಬೇರೆ ಯಾರನ್ನಾದ್ರೂ ನೋಡ್ಕೋತೀನಿ.”

ತಾತನ ಬಿಳಿಯ ಎಡಗೈ ಒರಳಿನಲ್ಲೇ ನಿಂತಿತು.

“ಸಾರ್, ಅವರದೇನೂ ತಪ್ಪಿಲ್ಲ,” ಎಂದೆ. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಸ್ವಂತ ದನಿಯಲ್ಲಿ ಮಾತಾಡಿದ ಹಾಗಿತ್ತು. “ತಮ್ಮ ಊಟದಲ್ಲಿ ಅರ್ಧ ನನಗೆ ಕೊಡ್ತಿದ್ರು. ಅರೆಹೊಟ್ಟೇಲಿ ಎರಡು ಒರಳು ರುಬ್ಬಿದ್ದಾರೆ. ನಾನು ಅದನ್ನ ತಿನ್ನಲೂ ಇಲ್ಲ, ನಾಯಿಗೆ ಹಾಕ್ದೆ. ಕಳಿಸೋದಾದ್ರೆ ನನ್ನ ಕಳಿಸಿ.”

ಯಜಮಾನರು ನನ್ನನ್ನು ನೋಡಿದರು, ತಾತನನ್ನು ನೋಡಿದರು. “ಏನ್ ತಾತ ಇದು? ಈಗ ನಾನು ಯಾರನ್ನ ಕಳಿಸ್ಲಿ?”

ತಾತ ಎಡಗೈಯ ಹಿಟ್ಟನ್ನು ಒರಳಿನ ಅಂಚಿಗೆ ಸವರಿ, ಗುಂಡು ಹಿಡಿದರು.

“ನಿಧಾನ ಆಗಿದ್ದು ನಾನು, ಕಳ್ಳಾಟ ಆಡಿದ್ದು ಇವ್ನು. ನಿಮ್ ದೋಸೆ ಕಾವಲಿ ಒಂದ್ ದಿನಾನಾರೂ ಹಿಟ್ಟಿಲ್ದೆ ಬರಿದಾಗಿತ್ತಾ ಸ್ವಾಮಿ? ಇಲ್ಲ ಅಲ್ವಾ? ನಾಳೀಕೆ ಎರಡು ಒರಳ್ಗೂ ಸೇರಿ ಎಷ್ಟ್ ಸೇರ್ ಅಕ್ಕಿ ನೆನೆ ಹಾಕ್ಬೇಕು, ಅದ ಹೇಳಿ.”