ಶೇಖಮ್ಮನ ಬೆರಳು

ಸಂತೆಕಲ್ಲೂರಿನ ಶೇಖಮ್ಮನಿಗೆ ಸಾಕುಸಾಕಾಗಿ ಹೋಗಿತ್ತು. ಶ್ರಾವಣದ ಮಳೆಗೆ ಮನೆಯ ಗೋಡೆ ಕುಸಿದು ಹದಿನೆಂಟು ದಿನ. ಲಕ್ವಾ ಹೊಡೆದ ಗಂಡ ಬಸ್ಸಪ್ಪನನ್ನು ನೆರೆಮನೆಯ ದಾವಲ್‌ಸಾಬನ ದನದ ಕೊಟ್ಟಿಗೆಯಲ್ಲಿ ಮಲಗಿಸಿದ್ದಳು. ಅಲ್ಲಿಯೂ ಸೋರುತ್ತಿತ್ತು. ನಾಲ್ಕು ತಗಡು ತಂದರೆ ಸ್ವಂತ ಮೂಲೆಯೊಂದು ಆಗುತ್ತಿತ್ತು.

ದುಡ್ಡು ಬಂದಿರಲಿಲ್ಲವೇ? ಬಂದಿತ್ತು. ಸರ್ಕಾರ ಪರಿಹಾರವನ್ನು ನೇರ ಖಾತೆಗೇ ಹಾಕಿತ್ತು, ಮೊಬೈಲಿಗೆ ಮೆಸೇಜೂ ಬಂದಿತ್ತು. ತೆಗೆಯಲು ಮಾತ್ರ ಆಗದು. ಗೋಡೆಯ ಗೂಡಿನಲ್ಲಿಟ್ಟಿದ್ದ ಪಾಸ್‌ಬುಕ್ಕು ಮಣ್ಣಾಗಿತ್ತು. ಮಸ್ಕಿಯ ಬ್ಯಾಂಕಿಗೆ ಹೋದರೆ, ಊರಲ್ಲೇ ಹೆಬ್ಬೆಟ್ಟಿನ ಮಷೀನಿದೆಯಲ್ಲ, ಅಲ್ಲೇ ತಗೊ ಎಂದು ಕಳಿಸಿದರು. ಆ ಮಷೀನು ಹಿಡಿದು ಪಂಚಾಯ್ತಿ ಕಟ್ಟೆಯ ಮೇಲೆ ಕೂರುವವಳು ಅಮರೇಶ್ವರಿ. ಅವಳ ಮುಂದೆ ಶೇಖಮ್ಮ ನಿಂತದ್ದು ಇದು ನಾಲ್ಕನೇ ಸಲ.

ಹೆಬ್ಬೆಟ್ಟು ಕೂಡುತ್ತಲೇ ಇರಲಿಲ್ಲ. ಹೇಗೆ ಕೂಡೀತು ಹೇಳಿ? ಹದಿನಾಲ್ಕನೇ ವಯಸ್ಸಿಗೆ ಟ್ರ್ಯಾಕ್ಟರ್ ಹತ್ತಿ ಸಾಲಗುಂದದ ಕಡೆ ಭತ್ತದ ಸಸಿ ಹಚ್ಚಲು ಹೋದವಳು, ನಲವತ್ತು ವರ್ಷ ಕೆಸರಿನಲ್ಲಿ ಬೆರಳು ಊರಿದ್ದಾಳೆ. ಗೆರೆಗಳೆಲ್ಲ ಅಲ್ಲೇ ಸವೆದಿವೆ. ಮಷೀನಿಗೆ ಇದು ಗೊತ್ತೇನು, ಅದರ ತಲೆ!

"ಒರಸಿ ಇಡು ಯವ್ವಾ. ಒತ್ತಿ ಇಡು."

"ಎಷ್ಟಂತ ಒತ್ತಲಿ ತಂಗಿ? ಒಡದೀತು ಅದು."

"ಕೊಬ್ರಿ ಎಣ್ಣಿ ಹಚ್ಚಂದಿದ್ದೆ. ಹಚ್ಚೀಯೇನು?"

"ತಲಿಗೇ ಇಲ್ಲ, ಬೆರಳಿಗೆ ಎಲ್ಲಿಂದ ತರ್ಲಿ?"

ಸಾಲಿನಲ್ಲಿ ಹಿಂದೆ ನಿಂತವರು ಗೊಣಗತೊಡಗಿದರು. ಮೋಡ ಕಟ್ಟುತ್ತಿತ್ತು. ಅಮರೇಶ್ವರಿಗೂ ಬೆಳಗಿನಿಂದ ಇದೇ ಗೋಳು ಕೇಳಿ ತಲೆ ಚಿಟ್ಟುಹಿಡಿದಿತ್ತು. ಹೋಗು ನಾಳೆ ಬಾ ಎನ್ನಲು ಬಾಯಿ ತೆರೆದವಳು ಮುದುಕಿಯ ಮುಖ ನೋಡಿ ಮಷೀನನ್ನು ಮತ್ತೆ ಮುಂದಕ್ಕೆ ಸರಿಸಿದಳು.

"ತಾ ಇಲ್ಲಿ, ಆಧಾರಕ್ಕ ಹತ್ತೂ ಕೊಟ್ಟೀಯಲ್ಲ, ಹತ್ತೂ ಬೆರಳು ನೋಡೇಬಿಡ್ತೀನಿ."

ಬಲಗೈಯ ಐದೂ ಹೋದವು. ಒಂದೊಂದಕ್ಕೂ ಕೆಂಪು ದೀಪ. ಎಡಗೈಯ ಹೆಬ್ಬೆರಳು, ತೋರುಬೆರಳು, ಕುಡುಗೋಲು ಸೀಳಿದ ನಡುಬೆರಳು, ಉಂಗುರದ ಬೆರಳು, ಎಲ್ಲ ಕೆಂಪೇ. ಶೇಖಮ್ಮ ಮಷೀನನ್ನು ನೋಡುವುದನ್ನೇ ಬಿಟ್ಟಳು. ಕೊನೆಗೆ ಎಡಗೈಯ ಕಿರುಬೆರಳು. ಸಸಿಯ ಕಟ್ಟು ಹಿಡಿಯುವಾಗ ಸುಮ್ಮನೆ ಜೊತೆಗಿರುತ್ತಿದ್ದ ಬೆರಳು ಅದು.

ಮಷೀನು ಕುಂಯ್ ಎಂದಿತು. ಹಸಿರು ದೀಪ ಹತ್ತಿತು.

"ಬಂತು ಯವ್ವಾ, ಬಂತು!" ಎಂದು ಅಮರೇಶ್ವರಿ ಕೂಗಿಯೇಬಿಟ್ಟಳು.

ಶೇಖಮ್ಮ ನೋಟು ಸೆರಗಿಗೆ ಕಟ್ಟಿಕೊಂಡಳು, ಆಮೇಲೆ ಅಳು ತಡೆಯಲಾಗಲಿಲ್ಲ. "ನಾ ಶೇಖಮ್ಮ ಅಂತ ಹೇಳಾಕ ಇದೊಂದ ಉಳದೈತೇನು ತಂಗಿ?"

"ಇದನ್ನರ ಜ್ವಾಪಾನ ಮಾಡು. ಇದೂ ಸವದ್ರ ಮುಂದಿನ ಸಲ ನಾ ಏನೂ ಮಾಡಾಕ ಬರಂಗಿಲ್ಲ."

ಮರುದಿನ ತಗಡು ಬಂತು. ಬಸ್ಸಪ್ಪ ತನ್ನ ಮೂಲೆಗೆ ಮರಳಿದ. ತಗಡು ಬಂದರೂ ಹೊಟ್ಟೆ ಕೇಳಬೇಕಲ್ಲ, ವಾರ ಕಳೆದು ಶೇಖಮ್ಮ ಸಾಲಗುಂದದ ಗದ್ದೆಗಿಳಿದಳು. ಎಡಗೈಯ ಕಿರುಬೆರಳಿಗೆ ಅರಿವೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಬಿಗಿದಿದ್ದಳು.

ಪಕ್ಕದ ಸಾಲಿನ ಮಕ್ತುಂಬೀ ಕೇಳಿದಳು: "ಏನಬೇ, ಗಾಯ ಮಾಡ್ಕೊಂಡಿಯೇನು?"

"ಇಲ್ಲಬೇ. ಮುಂದಿನ ಮಳಿಗಾಲಕ್ಕ ಇಟ್ಕೊಂಡೀನಿ" ಎಂದು ಶೇಖಮ್ಮ ಕೆಸರಿಗೆ ಬಾಗಿದಳು.