ಚಿಕ್ಕಮ್ಮನ ನಗು ಮತ್ತು ಕ್ಯಾಸೆಟ್ ಉಗುಳುವ ವಿಸಿಆರ್

ನಮ್ಮ ಮನೆಯ ವಿಸಿಆರ್ ಕ್ಯಾಸೆಟ್ಟನ್ನು ನುಂಗುತ್ತಿತ್ತು, ಸ್ವಲ್ಪ ಹೊತ್ತು ಗುರುಗುಟ್ಟುತ್ತಿತ್ತು, ಆಮೇಲೆ ಕಹಿ ಔಷಧಿ ಕುಡಿಸಿದ ಕೂಸಿನ ಹಾಗೆ ಥೂ ಎಂದು ಹೊರಕ್ಕೆ ತಳ್ಳುತ್ತಿತ್ತು. ಮತ್ತೆ ತುರುಕಿದರೆ ಮತ್ತೆ ಉಗುಳುತ್ತಿತ್ತು. ಹಾಳಾದ್ದಕ್ಕೆ ದೀಪವೇನೋ ಉರಿಯುತ್ತಿತ್ತು, ಒಳಗೆ ಮೋಟಾರೂ ತಿರುಗುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಕಥೆ.

ಎಷ್ಟೋ ವರ್ಷದಿಂದ ಬೀರುವಿನ ಮೇಲೆ ಕೂತಿದ್ದ ಅದನ್ನು ನಾನು ಇಳಿಸಿದ್ದು ನನ್ನ ತಂಗಿಗಾಗಿ. ತಂಗಿ ಅಂದರೆ ನನ್ನ ಚಿಕ್ಕಮ್ಮನ ಮಗಳು, ಹೊಸದುರ್ಗದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಅವಳಿಗೆ ನಡೆಯಲು ಬರುವ ಮೊದಲೇ ಚಿಕ್ಕಮ್ಮ ಜ್ವರದಲ್ಲಿ ತೀರಿಕೊಂಡಳು. ತಾಯಿಯದು ಅಂತ ಅವಳ ಹತ್ತಿರ ಇರುವುದು ಅಂಚೆಚೀಟಿಯಷ್ಟು ಗಾತ್ರದ ಒಂದೇ ಒಂದು ಫೋಟೋ. ಅದರಲ್ಲಿ ಚಿಕ್ಕಮ್ಮ ಯಾರೋ ಗದರಿಸಿ ಕೂರಿಸಿದ ಹಾಗೆ ತುಟಿ ಬಿಗಿದುಕೊಂಡಿದ್ದಾಳೆ. ಆದರೆ ನೆಂಟರಲ್ಲಿ ಯಾರನ್ನು ಕೇಳಿದರೂ, "ನಿಮ್ಮವ್ವ ನಕ್ರೆ ಮನಿಗೆ ಮನೀನೇ ನಗ್ತಿತ್ತು ಕಣವ್ವ" ಅನ್ನುತ್ತಾರೆ. ನಾನೂ ಅದನ್ನೇ ಹೇಳಿಕೊಂಡು ಬಂದಿದ್ದೆ.

ಒಂದು ದಿನ ಅವಳು ಫೋನು ಮಾಡಿ, "ಅಕ್ಕ, ನೀವೆಲ್ಲ ನೋಡೀರಿ, ನಾನೊಬ್ಳೇ ನೋಡಿಲ್ಲ. ನಿನ್ ಮದ್ವೆ ಕ್ಯಾಸೆಟ್‌ನಾಗೆ ಅವ್ವ ಇರ್ಬೇಕಲ್ಲ? ಎಲ್ಲಾದ್ರೂ ನಕ್ಕಿರ್ಬೇಕಲ್ಲ?" ಅಂದಳು. ಇರಲೇಬೇಕು ಅಂದೆ. ಹೊಳಲ್ಕೆರೆಯಲ್ಲಿ ನನ್ನ ತವರಿನ ಮುಂದೆ ಹಾಕಿದ್ದ ಚಪ್ಪರದಲ್ಲಿ ಚಿಕ್ಕಮ್ಮ ಓಡಾಡದ ಮೂಲೆಯೇ ಇರಲಿಲ್ಲ. "ಹಂಗಾದ್ರೆ ಭಾನುವಾರ ಬರ್ತೀನಿ" ಎಂದು ಫೋನಿಟ್ಟಳು. ಮಾತು ಕೊಟ್ಟಾಗಿತ್ತು, ಮಿಷನ್ನು ನೋಡಿದರೆ ಉಗುಳುತ್ತಿತ್ತು.

ಚಿತ್ರದುರ್ಗದಲ್ಲಿ ಹಳೇ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವ ಅಂಗಡಿಯೊಂದಿತ್ತು. ನಮ್ಮೂರು ಹಿರಿಯೂರಿನಿಂದ ಬಸ್ಸು ಹತ್ತಿ ಹೋಗಿ ನೋಡಿದರೆ ಅಲ್ಲಿ ಬಣ್ಣಬಣ್ಣದ ಮೊಬೈಲ್ ಕವರುಗಳನ್ನು ತೂಗುಹಾಕಿದ್ದರು. "ಅಮ್ಮಾ, ಆ ಮಿಷನ್ನು ಗುಜರಿಗೆ ಹೋಗಿ ಯಾವ್ ಕಾಲ ಆತು" ಎಂದ ಅಂಗಡಿಯವನು. ದಾವಣಗೆರೆಯಲ್ಲಿ ಸಿಕ್ಕರೂ ಸಿಗಬಹುದು, ಕ್ಯಾಸೆಟ್ ಬಿಟ್ಟುಹೋಗಿ ಅಂದ. ಇರುವುದೊಂದೇ ಕ್ಯಾಸೆಟ್ಟನ್ನು ಗುರುತಿಲ್ಲದವರ ಕೈಗೆ ಬಿಟ್ಟುಬರಲು ನನಗೇನು ತಲೆ ಕೆಟ್ಟಿದೆಯೆ? ಚೀಲಕ್ಕೆ ಹಾಕಿಕೊಂಡು ವಾಪಸು ಬಂದೆ.

ಬಂದವಳೇ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಮದುವೆಯಾದಾಗಿನಿಂದ ಬಟ್ಟೆ ಹೊಲಿಯುತ್ತಾ ಬಂದವಳು ನಾನು. ನನ್ನ ಹೊಲಿಗೆ ಮಿಷನ್ನನ್ನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಜೋಡಿಸುವವಳೂ ನಾನೇ.

"ನಿನಗ್ಯಾಕೆ ಬೇಕೇ ಆ ಉಸಾಬರಿ? ಕರೆಂಟ್ ಹೊಡ್ದೀತು" ಎಂದರು ನಮ್ಮ ಯಜಮಾನರು. ಅವರು ಮಾರಿಕಣಿವೆ ಅಣೆಕಟ್ಟಿನಲ್ಲಿ ನಾಲೆಯ ತೂಬು ಎತ್ತಿ ಇಳಿಸುವ ಕೆಲಸ ಮಾಡಿ ನಿವೃತ್ತರಾದವರು.

"ಪ್ಲಗ್ ಕಿತ್ತೇ ಬಿಚ್ತೀನಿ, ನೀವು ಸುಮ್ಕಿರ್ರಿ" ಅಂದೆ.

ಮೊದಲು ಅನುಮಾನ ಬಂದದ್ದು ಕ್ಯಾಸೆಟ್ಟಿನ ಮೇಲೆ. ಯಾವುದೋ ಹಳೇ ಸಿನಿಮಾದ ಕ್ಯಾಸೆಟ್ ಹಾಕಿದೆ, ಅದನ್ನೂ ಉಗುಳಿತು. ಮೇಲಿನ ತಗಡಿನ ಮುಚ್ಚಳ ತೆಗೆದು, ಸಂಜೆ ಟ್ಯೂಬ್‌ಲೈಟಿನ ಕೆಳಗೆ ಅದೇ ಸಿನಿಮಾ ಕ್ಯಾಸೆಟ್ ಹಾಕಿ ಕೂತು ನೋಡಿದೆ. ಅಬ್ಬಬ್ಬಾ, ಎಂಥ ಚೆಂದ! ಎರಡು ಪುಟ್ಟ ಕೈಗಳು ಮುಂದೆ ಬಂದು ಕ್ಯಾಸೆಟ್ಟಿನಿಂದ ಟೇಪನ್ನು ಎಳೆದು ಮಿಣಮಿಣ ಹೊಳೆಯುವ ಉರುಳೆಗೆ ಸುತ್ತಿದವು. ಥೇಟ್ ನಾನು ಸೂಜಿಗೆ ದಾರ ಪೋಣಿಸುವ ಮೊದಲು ಕೊಂಡಿಗಳಲ್ಲಿ ಹಾಯಿಸುವ ಹಾಗೆ. ಕ್ಯಾಸೆಟ್ ಕೂರುವ ಎರಡು ಚಕ್ರಗಳಲ್ಲಿ ಬಲಗಡೆಯದು ಟೇಪನ್ನು ಸುತ್ತಿಕೊಳ್ಳುತ್ತಾ ಸರಿಯಾಗಿಯೇ ತಿರುಗಿತು. ಎಲ್ಲವೂ ಸರಿ, ಆದರೂ ಟಕ್ ಎಂದು ನಿಂತು ಉಗುಳಿತು. ಸರಿಯಾಗಿ ಕೆಲಸ ಮಾಡುತ್ತಿರುವಾಗಲೇ ಬಿಟ್ಟು ಏಳುವುದೆಂದರೇನು? ಇದರ ಹೊಟ್ಟೆಯೊಳಗೆ ಏನಿದೆ ಅಂತ ನನಗೆ ಹುಚ್ಚೇ ಹಿಡಿಯಿತು.

ಫೋನಿನಲ್ಲಿ ಹುಡುಕಿದಾಗ ಒಂದು ವಿಡಿಯೋದಲ್ಲಿ ಯಾರೋ ಪುಣ್ಯಾತ್ಮ ಹಿಂದಿಯಲ್ಲಿ ಬಿಡಿಸಿ ಹೇಳಿದ್ದ. ಚಕ್ರದ ತಳದಲ್ಲಿ ಹೊಳೆಯುವ ಪಟ್ಟಿಗಳಿರುತ್ತವೆ, ಕೆಳಗಿನಿಂದ ಒಂದು ಬೆಳಕಿನ ಕಣ್ಣು ಅವನ್ನು ನೋಡುತ್ತಿರುತ್ತದೆ. ಪಟ್ಟಿಗಳು ಮಿನುಗಿದರೆ ಚಕ್ರ ತಿರುಗುತ್ತಿದೆ ಎಂದು ಮಿಷನ್ನಿಗೆ ಖಾತ್ರಿ. ಕಾಣದಿದ್ದರೆ, ಟೇಪು ಒಳಗೆ ಗಂಟಾಗಿ ಹರಿದೀತೆಂದು ಹೆದರಿ ಕ್ಯಾಸೆಟ್ಟನ್ನು ಹೊರಗೆ ಹಾಕಿಬಿಡುತ್ತದೆ. ಇಷ್ಟು ದಿನ ನಾನು ಬಾಯಿಗೆ ಬಂದಂತೆ ಬೈದದ್ದು ಟೇಪನ್ನು ಕಾಪಾಡುತ್ತಿದ್ದ ಜೀವವನ್ನು!

ಮಾರನೆಯ ಬೆಳಿಗ್ಗೆ ಪ್ಲಗ್ ಕಿತ್ತು ಬಲಗಡೆಯ ಚಕ್ರವನ್ನು ಮೆಲ್ಲಗೆ ಎತ್ತಿದೆ. ತಳ ತಿರುಗಿಸಿದರೆ ಎಲ್ಲಿಯ ಹೊಳಪು, ಎಲ್ಲಿಯ ಪಟ್ಟಿ! ಗ್ರೀಸಿನಲ್ಲಿ ಕಲೆತು ಕೆಂಪಗೆ ಮೆತ್ತಿಕೊಂಡಿತ್ತು. ಮೂಸಿ ನೋಡಿದೆ. ಕುಂಕುಮ, ಜೊತೆಗೆ ವಿಭೂತಿ.

"ರೀ, ಬರ್ರಿ ಇಲ್ಲಿ" ಎಂದು ಕೂಗಿದೆ.

ನಮ್ಮ ಯಜಮಾನರಿಗೆ ಆಯುಧಪೂಜೆ ಎಂದರೆ ಪ್ರಾಣ. ತೂಬಿನ ಚಕ್ರಕ್ಕೆ ಪೂಜೆ ಮಾಡಿ ಬೆಳೆದ ಕೈ. ಮಿಕ್ಸಿ, ಬೈಕು, ನನ್ನ ಕತ್ತರಿ, ಓಡದ ವಿಸಿಆರ್, ಯಾವುದನ್ನೂ ಬಿಡುವುದಿಲ್ಲ. ಒಂದು ವರ್ಷ ವಿಸಿಆರಿನ ಮೂತಿ ಮೇಲಿನ ಕಲೆ ಉಜ್ಜಿದರೂ ಹೋಗದೆ ನಾನು ಕೂಗಾಡಿದ್ದೆ. ಅಂದಿನಿಂದ ಮಹಾನುಭಾವರು ಉಪಾಯ ಹುಡುಕಿದ್ದರು. ಕ್ಯಾಸೆಟ್ ಹಾಕುವ ಬಾಗಿಲನ್ನು ಬೆರಳಿನಿಂದ ಒತ್ತಿ ಕುಂಕುಮ ವಿಭೂತಿಯನ್ನು ಒಳಗೇ ಹಾಕುತ್ತಿದ್ದರು.

"ಕಲೆ ಕಾಣ್ಬಾರ್ದು ಅಂತ ನೀನೇ ಅಂದಿದ್ದಲ್ಲೇ?" ಎಂದರು.

ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದೆ. ಪಟ್ಟಿಗಳು ಫಳಫಳ ಎಂದವು. ಚಕ್ರ ಕೂರಿಸಿ, ನಡುಮನೆಯ ಕಿಟಕಿಯ ಬಿಸಿಲಿನಲ್ಲೇ ಸಿನಿಮಾ ಕ್ಯಾಸೆಟ್ ತಳ್ಳಿದೆ. ಮೊದಲಾದರೂ ಸ್ವಲ್ಪ ಹೊತ್ತು ಓಡುತ್ತಿತ್ತು, ಈಗ ಓಡುವ ಮೊದಲೇ ಉಗುಳಿತು! ಇದ್ದದ್ದನ್ನೂ ಕೆಡಿಸಿದೆನಲ್ಲ, ಆ ಹುಡುಗಿಗೆ ಏನು ಹೇಳಲಿ?

ಯಜಮಾನರು ಏನಾಯಿತೆಂದು ಬಗ್ಗಿ ನೋಡಿದರು. ನಾನು ಸಿಟ್ಟಿನಲ್ಲಿ ಕ್ಯಾಸೆಟ್ಟನ್ನು ಮತ್ತೆ ತಳ್ಳಿದೆ. ಓಡಿತು! ಅವರು ಸರಿದು ನಿಂತರು, ಉಗುಳಿತು. ಬಗ್ಗಿ ನಿಂತರೆ ಓಡುತ್ತದೆ, ಸರಿದರೆ ಉಗುಳುತ್ತದೆ.

"ನೋಡ್ದಾ, ಪೂಜೆ ಮಾಡಿದ್ದು ವ್ಯರ್ಥ ಆಗಿಲ್ಲ. ನನ್ ಗುರ್ತು ಐತೆ ಅದಕ್ಕೆ" ಎಂದು ಬೀಗಿದರು.

ಗುರುತೂ ಇಲ್ಲ, ಮಣ್ಣೂ ಇಲ್ಲ. ಅವರ ನೆರಳು ಮಿಷನ್ನಿನ ಮೇಲೆ ಬೀಳುತ್ತಿತ್ತು, ಅಷ್ಟೇ. ಫೋನಿನವನ ಮಾತನ್ನು ಪೂರ್ತಿ ಕೇಳಿದಾಗ ಅರ್ಥವಾಯಿತು. ಕ್ಯಾಸೆಟ್ಟಿನ ಎರಡೂ ಪಕ್ಕದಲ್ಲಿ ಇನ್ನೆರಡು ಕಣ್ಣುಗಳಿವೆ. ಟೇಪಿನ ತುದಿ ಗಾಜಿನಂತೆ ಪಾರದರ್ಶಕ. ಅದನ್ನು ಹಾಯ್ದು ಬೆಳಕು ಬಿದ್ದರೆ ಟೇಪು ಮುಗಿಯಿತೆಂದು ಲೆಕ್ಕ. ಮುಚ್ಚಳವಿಲ್ಲದ ಮಿಷನ್ನಿನೊಳಗೆ ಹಿರಿಯೂರಿನ ಬಿಸಿಲು ಧುಮುಕಿ ಆ ಕಣ್ಣುಗಳಿಗೆ ಸುಳ್ಳು ಹೇಳುತ್ತಿತ್ತು. ಯಜಮಾನರ ಕೈಗೆ ಕರೀ ಛತ್ರಿ ಕೊಟ್ಟು ಮನೆಯೊಳಗೇ ಹಿಡಿಸಿದೆ. ಒಂದೇ ಸಮನೆ ಓಡಿತು. ತಗಡಿನ ಮುಚ್ಚಳ ಹಾಕಿ ಬಿಗಿದೆ, ಆಗಲೂ ಓಡಿತು. ನನ್ನ ಖುಷಿಗೆ ಪಾರವೇ ಇರಲಿಲ್ಲ.

ಭಾನುವಾರ ತಂಗಿ ಬಂದಳು. ಊಟಕ್ಕೆ ಬಾ ಎಂದರೆ ಬರಲಿಲ್ಲ, "ಮೊದ್ಲು ಹಾಕಕ್ಕ" ಎಂದು ಟಿವಿ ಮುಂದೆ ಚಾಪೆಯ ಮೇಲೆ ಕೂತಳು. ಮದುವೆ ಕ್ಯಾಸೆಟ್ ಹಾಕಿದೆ. ಆ ಕಾಲದ ವಿಡಿಯೋದವರ ಪದ್ಧತಿಯಂತೆ ಜನರ ಮಾತನ್ನೆಲ್ಲ ಅಳಿಸಿ, ಮೊದಲಿನಿಂದ ಕೊನೆಯವರೆಗೂ ಸಿನಿಮಾ ಹಾಡು ತುಂಬಿದ್ದರು. ಗಂಟೆಗಟ್ಟಲೆ ನಾನೇ, ಗೊಂಬೆಯ ಹಾಗೆ. ಕೊನೆಗೆ ಊಟದ ಪಂಕ್ತಿ ಬಂತು.

"ಅಗೋ, ಹಸಿರು ಸೀರೆ!" ಎಂದು ಕೂಗಿದೆ.

ಚಿಕ್ಕಮ್ಮ ಬೆನ್ನು ಹಾಕಿ ನಿಂತಿದ್ದಳು, ಸೊಂಟದ ಮೇಲೆ ಕೂಸು. ವಿಡಿಯೋದವನ ಲೈಟು ಬಿದ್ದದ್ದೇ ತಡ, ತಿರುಗುತ್ತಿದ್ದ ಹಾಗೆಯೇ ಕೂಸನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು ಅದರ ಹಿಂದೆ ಮುಖ ಮುಚ್ಚಿಕೊಂಡಳು. ಅವನು ಆ ಕಡೆಯಿಂದ ಬಂದ, ಅವಳು ಈ ಕಡೆ ತಿರುಗಿದಳು. ಅಷ್ಟರಲ್ಲಿ ಚಿತ್ರ ಬದಲಾಗಿ ಮತ್ತೆ ನಾನು, ನನ್ನ ಬಾಸಿಂಗ. ಟೇಪು ಮುಗಿಯುವವರೆಗೂ ಕಾದೆವು. ಚಿಕ್ಕಮ್ಮ ಮತ್ತೆ ಬರಲೇ ಇಲ್ಲ.

ನನಗೆ ಮೈಯೆಲ್ಲ ಉರಿಯಿತು. "ಅವನ ಕೈ ಸೇದೋಗ! ನನ್ನ ಅಷ್ಟೊತ್ತು ತೆಗ್ದೋನಿಗೆ ಇವಳ ಮುಖ ತೆಗಿಯಾಕೆ ಏನಾಗಿತ್ತು?" ಎಂದೆ.

ತಂಗಿ, "ಅದನ್ನ ಇನ್ನೊಂದ್ಸಲ ಹಾಕು" ಎಂದಳು. ಹಿಂದಕ್ಕೆ ಸುತ್ತಿ ಹಾಕಿದೆ. ಅವಳು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು.

"ಅಕ್ಕ, ನೋಡಿಲ್ಲಿ. ನಾನು ಅಲ್ಲಾಡ್ತಿದ್ದೀನಿ."

ನೋಡಿದೆ. ಚಿಕ್ಕಮ್ಮನ ಕೈಗಳು ಕೂಸನ್ನು ಬಿಗಿಯಾಗಿ ಹಿಡಿದಿದ್ದವು, ಆಡಿಸುತ್ತಿರಲಿಲ್ಲ. ಆದರೂ ಕೂಸಿನ ಕೆನ್ನೆ, ಹೊಟ್ಟೆ, ಇಳಿಬಿದ್ದ ಕಾಲು ಎಲ್ಲ ಕುಲುಕುಲು ಅದುರುತ್ತಿದ್ದವು. ಹಿಂದೆ ಎರಡು ಹಸಿರು ಭುಜಗಳು ಕುಣಿಯುತ್ತಿದ್ದವು.

"ಅವ್ವ ನಗ್ತಾ ಅವ್ಳೆ" ಎಂದಳು ತಂಗಿ. "ನನ್ ಬೆನ್ನಿಗೆ ಮುಖ ಇಟ್ಕಂಡು ನಗ್ತಾ ಅವ್ಳೆ ಕಣಕ್ಕ."

ಹೇಳುತ್ತಾ ಹೇಳುತ್ತಾ ಅವಳ ಕೈ ತಾನಾಗಿಯೇ ಹಿಂದಕ್ಕೆ ಹೋಗಿ ತನ್ನ ಬೆನ್ನನ್ನು ಮುಟ್ಟಿಕೊಂಡಿತು. ಆ ನಗುವನ್ನು ನಾವೆಲ್ಲ ಬರೀ ನೋಡಿದ್ದವರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.