ಗುಡಿಸಿಟ್ಟ ಜಾಗ

ಜಾಗ ಆರಿಸುವುದರಲ್ಲಿ ನಾನು ಗಟ್ಟಿಗ ಎಂಬ ಜಂಬ ನನಗೆ ಬಹಳ ಕಾಲ ಇತ್ತು. ಬಸ್ಸಿನಲ್ಲಿ ಬಿಸಿಲು ಬೀಳದ ಬದಿ, ಮದುವೆ ಮನೆಯಲ್ಲಿ ಪಾಯಸ ಮೊದಲು ತಲುಪುವ ಪಂಕ್ತಿ, ಎಲ್ಲ ನನಗೆ ಕಣ್ಣು ಮುಚ್ಚಿದರೂ ಸಿಗುತ್ತಿದ್ದವು. ಆ ಜಂಬ ಎರ್ಮಾಳಿನಲ್ಲಿ ಇಳಿದ ಕತೆಯನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಎಂಬತ್ತರ ದಶಕದ ಒಂದು ಮೇ ತಿಂಗಳು. ಮಣಿಪಾಲದ ಭಾವ ಒಂದು ಹಳೆಯ ವ್ಯಾನಿಗೆ ಹಾಸಿಗೆ, ಪರದೆ, ಸೀಮೆಎಣ್ಣೆ ಸ್ಟವ್ ಹೊಂದಿಸಿ, ಮೂರು ದಿನ ಅದರಲ್ಲೇ ತಿರುಗೋಣ ಎಂದ. ಎಲ್ಲಿ ಬೀಡು ಬಿಡಬೇಕೆಂಬುದು ನನ್ನ ಖಾತೆ. ಕಾರ್ಕಳದಲ್ಲಿ ಬಂಡೆ ಬಿಸಿಲಿಗೆ ಕಾದಿದೆ ಎಂದೆ. ಕಾಪುವಿನಲ್ಲಿ ದೀಪಸ್ತಂಭ ನೋಡುವವರ ಗದ್ದಲ ಎಂದೆ.

"ನಿಮಗೆ ಎಂತ, ಅರಮನೆ ಬೇಕಾ?" ಎಂದಳು ಹೆಂಡತಿ. ಬೀಡು ಎಂದರೆ ನಮ್ಮ ಕಡೆ ಅರಸರ ಮನೆಯೂ ಹೌದು, ದಂಡು ತಂಗುವ ಜಾಗವೂ ಹೌದು ಎಂದು ಪಾಂಡಿತ್ಯ ತೋರಿಸಿದೆ. ದಂಡಿನವರು ನೆಲ ಯಾರದೆಂದು ಕೇಳುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಎರ್ಮಾಳಿನ ಕಡಲ ಬದಿಯಲ್ಲಿ ಅರಮನೆಯೇ ಸಿಕ್ಕಿತು. ಸಮತಟ್ಟು ಹೊಯಿಗೆ, ಆ ಮರಳಿನಲ್ಲಿ ಒಂದು ಕಸಕಡ್ಡಿ ಇಲ್ಲ. ಸ್ವಲ್ಪ ವಾಸನೆ ಇತ್ತು; ಕಡಲೆಂದ ಮೇಲೆ ಇರಬೇಕಾದದ್ದೇ ಎಂದುಕೊಂಡೆ. ಚಾಪೆ ಹಾಸಿ ಬಾಳೆಲೆ ಬಿಡಿಸಿದೆವು.

ಮೊದಲ ತುತ್ತಿಗೇ ಒಬ್ಬ ಹೆಂಗಸು ಮೀನಿನ ಬುಟ್ಟಿ ಹೊತ್ತು ಬಂದು ನಿಂತರು. ನಾನು ಎಡಗೈ ಆಡಿಸಿ, "ನಮಗೆ ಮೀನು ಆಗುವುದಿಲ್ಲ ಮಾರಾಯ್ತಿ" ಎಂದೆ.

"ಗೊತ್ತುಂಟು ಭಟ್ರೆ. ನೀವು ನಿಧಾನ ಊಟ ಮಾಡಿ" ಎಂದವರು, ಗಾಳಿ ನಮ್ಮ ಕಡೆ ಬೀಸದ ಬದಿ ಹುಡುಕಿ ದೂರ ಕುಳಿತರು. ಎಂಥ ಹಟದ ವ್ಯಾಪಾರ ಎಂದು ಭಾವನಿಗೆ ಕಣ್ಣು ಮಿಟುಕಿಸಿದೆ. ಎರಡು ಸಲ ಸಾರು ಹಾಕಿಸಿಕೊಂಡು, ಅಲ್ಲೇ ಅಡ್ಡಾದೆ.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಅವರು ಇನ್ನೂ ಕುಳಿತಿದ್ದರು. ಹೆಂಡತಿ ಹೋಗಿ ವಿಚಾರಿಸಿ ಬಂದು, ನನ್ನ ಮುಖ ನೋಡದೆ ಚಾಪೆ ಸುತ್ತತೊಡಗಿದಳು. "ಏಳಿ. ಇದು ಅವರು ಮೀನು ಒಣಗಿಸುವ ಅಂಗಳ ಅಂತೆ. ಬೆಳಿಗ್ಗೆ ಗುಡಿಸಿಟ್ಟು ಹೋದದ್ದಂತೆ."

ನಾಚಿಕೆಯಿಂದ ಕುಗ್ಗಿಹೋದೆ. ಆದರೂ ಬಾಯಿಗೆ ಬಂದದ್ದು, "ಮೊದಲೇ ಹೇಳಬಾರದಿತ್ತಾ?" ಎಂಬ ಮಾತು, ತಪ್ಪು ಅವರದ್ದೇ ಎಂಬಂತೆ.

"ಎಲೆ ಮುಂದೆ ಕೂತವರನ್ನು ಏಳಿಸುವುದು ಹೇಗೆ?" ಎಂದರು ಆ ಹೆಂಗಸು. ಮೇಲಿನ ಮೀನನ್ನು ಮೂಸಿ ನೋಡಿ, ಅರ್ಧ ಬುಟ್ಟಿಯನ್ನು ತೆಂಗಿನ ಬುಡಕ್ಕೆ ಸುರಿದರು. ಅವರ ಆ ದಿನದ ಬಿಸಿಲೆಲ್ಲ ನನ್ನ ನಿದ್ದೆಗೆ ಖರ್ಚಾಗಿತ್ತು.

ಈಗಲೂ ಪ್ರವಾಸ ಹೊರಟರೆ ಜಾಗ ಆರಿಸುವವನು ನಾನೇ. ಕಸವಿದ್ದಲ್ಲಿ, ಮುಳ್ಳಿದ್ದಲ್ಲಿ ಧೈರ್ಯವಾಗಿ ಚಾಪೆ ಹಾಸುತ್ತೇನೆ. ಚೊಕ್ಕಟವಾದ ನೆಲ ಕಂಡರೆ ಮಾತ್ರ ಚಪ್ಪಲಿ ಕಳಚಿ ಹೊರಗೇ ನಿಂತು, ಗುಡಿಸಿದವರು ಬರುವುದನ್ನು ಕಾಯುತ್ತೇನೆ.